ಮೈತುಂಬ ಸ್ನಾನವೋ, ನೆತ್ತಿಗಷ್ಟೇ ನೀರೋ?

ಗ್ರಾಫಿಕ್ಸ್ ಕಾರ್ಡನ್ನು ನೀರಿನಿಂದಲೇ ತಣಿಸುವುದೆಂದು ತೀರ್ಮಾನಿಸಿದವರ ಮುಂದೆ ಬರುವ ಮೊದಲ ತಕರಾರು ಇದು: ಇಡೀ ಕಾರ್ಡನ್ನು ಹೊದೆಯುವ ಫುಲ್ ಕವರ್ ವಾಟರ್ ಬ್ಲಾಕ್ ಬೇಕೇ, ನಡುವಿನ ಚಿಪ್ಪಿನ ಮೇಲಷ್ಟೇ ಕೂರುವ ಚಿಕ್ಕ ಯೂನಿವರ್ಸಲ್ ಬ್ಲಾಕ್ ಸಾಕೇ? ವಾದಕ್ಕೆ ಇಬ್ಬರೂ ಒಂದೇ ಕಾರ್ಡನ್ನು ಎದುರಿಗಿಟ್ಟುಕೊಂಡಿದ್ದಾರೆ. ಎನ್ವಿಡಿಯಾದ ಆರ್‌ಟಿಎಕ್ಸ್ 3090 ಮಾರುಕಟ್ಟೆಗೆ ಬಂದದ್ದು 2020ರ ಸೆಪ್ಟೆಂಬರಿನಲ್ಲಿ. ಅದರ ನಂತರ ಎರಡು ತಲೆಮಾರು ಕಳೆದರೂ 24 ಜಿಬಿ ಮೆಮೊರಿಯ ದೆಸೆಯಿಂದ ಅದಕ್ಕೆ ಎರಡನೇ ಇನಿಂಗ್ಸ್ ಸಿಕ್ಕಿದೆ. ಮನೆಯಲ್ಲೇ ಎಐ ಮಾಡೆಲ್ ಓಡಿಸುವ ಆಸೆಯವರು ಸೆಕೆಂಡ್ ಹ್ಯಾಂಡ್ 3090ಯನ್ನು ಹುಡುಕಿ ತರುತ್ತಾರೆ. 350 ವ್ಯಾಟ್ ಉಣ್ಣುವ ಕಾರ್ಡು, ಉಂಡದ್ದೆಲ್ಲವನ್ನೂ ಬಿಸಿಯಾಗಿಯೇ ಹೊರಹಾಕುತ್ತದೆ.

ಪರ: ಹಾಕುವುದಾದರೆ ಫುಲ್ ಕವರೇ ಹಾಕಿ

ಕಾರ್ಡು ಎಂದರೆ ನಡುವಿನ ಚಿಪ್ಪೊಂದೇ ಎಂದುಕೊಂಡವರು ಒಮ್ಮೆ ಅದರ ಫ್ಯಾನು, ಹೀಟ್‌ಸಿಂಕ್ ಬಿಚ್ಚಿ ನೋಡಲಿ. 3090ರ ನಡುಮಧ್ಯೆ 628 ಚದರ ಮಿಲಿಮೀಟರಿನ ಚಿಪ್ಪು. ಅದರ ಸುತ್ತ ಮೆಮೊರಿ ಚಿಪ್ಪುಗಳು. ಅವುಗಳಾಚೆ 12 ವೋಲ್ಟನ್ನು ಒಂದು ವೋಲ್ಟಿನ ಆಸುಪಾಸಿಗೆ ಇಳಿಸುವ ವಿಆರ್‌ಎಂ ಭಾಗಗಳ ಸಾಲು. ಬಿಸಿ ಎಲ್ಲ ಕಡೆಯೂ ಏಳುತ್ತದೆ. ಇದರಲ್ಲಿ ಜಿಡಿಡಿಆರ್6ಎಕ್ಸ್ ಮೆಮೊರಿಯಂತೂ ಮಹಾ ಸಿಡುಕಿನದು. ಒಳಗಿನ ಬಿಸಿ 110 ಡಿಗ್ರಿಗೆ ಹೋದರೆ ಕಾರ್ಡು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. 2021ರಲ್ಲಿ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ಈ ಬಿಸಿಯನ್ನು ತೋರಿಸತೊಡಗಿದ ಮೇಲೆ ಎಷ್ಟೋ ಜನ ಹೌಹಾರಿದರು. ಚಿಪ್ಪು 70 ಡಿಗ್ರಿಯಲ್ಲಿ ಹಾಯಾಗಿ ಕೂತಿತ್ತು, ಪಕ್ಕದ ಮೆಮೊರಿ ನೂರು ದಾಟಿ ಬೇಯುತ್ತಿತ್ತು.

ಫುಲ್ ಕವರ್ ಬ್ಲಾಕ್ ಎಂದರೆ ಆಯಾ ಬೋರ್ಡಿನ ಅಳತೆಗೇ ಕೊರೆದ ತಾಮ್ರದ ದಪ್ಪ ಹಲಗೆ, ಮೇಲೊಂದು ಅಕ್ರಿಲಿಕ್ ಅಥವಾ ಅಸಿಟಾಲ್ ಮುಚ್ಚಳ. ಚಿಪ್ಪಿನ ನೇರಕ್ಕೆ ಕೂದಲಿನಂಥ ಸಣ್ಣ ಗೀರುಗಳಿರುತ್ತವೆ. ನೀರು ಆ ಗೀರುಗಳ ನಡುವಿಗೆ ನುಗ್ಗಿ, ಎರಡೂ ಕಡೆಗೆ ಸೀಳಿಕೊಂಡು, ಮೆಮೊರಿ ಮತ್ತು ವಿಆರ್‌ಎಂ ಮೇಲಿನ ಕಾಲುವೆಗಳನ್ನು ಹಾದು ಹೊರಬೀಳುತ್ತದೆ. ಚಿಪ್ಪನ್ನು ತೊಳೆದ ಬಿಸಿನೀರೇ ಮೆಮೊರಿಗೂ ಹೋದರೆ ಏನು ಲಾಭ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ. ನಿಮಿಷಕ್ಕೆ 2 ಲೀಟರ್ ಹರಿದರೆ, 350 ವ್ಯಾಟನ್ನು ಪೂರ್ತಿ ಹೀರಿಕೊಂಡರೂ ನೀರು ಏರುವುದು ಎರಡೂವರೆ ಡಿಗ್ರಿ ಮಾತ್ರ. ಇಲ್ಲಿ ಎಂಜಲು ನೀರಿನ ಮಡಿ ಬೇಡ.

ಯೂನಿವರ್ಸಲ್ ಬ್ಲಾಕನ್ನು ನಾನೂ ವರ್ಷಗಟ್ಟಲೆ ಬಳಸಿದವನೇ. ಅದರಲ್ಲಿ ನೀರು ತಾಗುವುದು ಚಿಪ್ಪಿಗೆ ಮಾತ್ರ. ಉಳಿದ ಕಡೆಗೆ ಬೆರಳಿನುಗುರಿನಷ್ಟು ಗಾತ್ರದ ಹೀಟ್‌ಸಿಂಕುಗಳನ್ನು ಟೇಪು ಹಚ್ಚಿ ಅಂಟಿಸಬೇಕು. ಟವರ್ ಕ್ಯಾಬಿನೆಟ್ಟಿನಲ್ಲಿ ಕಾರ್ಡು ಮಕಾಡೆ ಮಲಗುತ್ತದೆ, ಹಾಗಾಗಿ ಈ ಹೀಟ್‌ಸಿಂಕುಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ಜೋತಾಡುತ್ತಿರುತ್ತವೆ. ಒಂದು ಏಪ್ರಿಲ್ ಮಧ್ಯಾಹ್ನ ಅಂಟು ಸಡಿಲಾಗಿ ಅವುಗಳಲ್ಲೊಂದು ಕಳಚಿ, ಕೆಳಗಿನ ನೆಟ್‌ವರ್ಕ್ ಕಾರ್ಡಿನ ಬೆನ್ನಿನ ಮೇಲೆ ಬಿತ್ತು. ಅಲ್ಯೂಮಿನಿಯಮ್ಮಿನಲ್ಲಿ ಕರೆಂಟು ಚೆನ್ನಾಗಿಯೇ ಹರಿಯುತ್ತದಲ್ಲ! ಚಟ್ ಎಂದಿತು, ಕೋಣೆಯೆಲ್ಲ ಸುಟ್ಟ ವಾಸನೆ. ಉಳಿತಾಯ ಮಾಡಿದ ದುಡ್ಡಿಗಿಂತ ಆ ಕಾರ್ಡಿನ ಬೆಲೆ ಹೆಚ್ಚಾಗಿತ್ತು.

ಎಎಂಡಿ 2015ರಲ್ಲಿ ಫ್ಯೂರಿ ಎಕ್ಸ್ ಕಾರ್ಡನ್ನು ನೀರಿನ ಕೂಲರ್ ಸಮೇತವೇ ಮಾರಿತು. ಅದರ ಎಚ್‌ಬಿಎಂ ಮೆಮೊರಿ ಚಿಪ್ಪಿನ ಮಗ್ಗುಲಲ್ಲೇ ಕೂತಿತ್ತು, ಒಂದೇ ತಾಮ್ರದ ತಟ್ಟೆ ಎರಡನ್ನೂ ಮುಟ್ಟುತ್ತಿತ್ತು. ಇಷ್ಟು ಅನುಕೂಲವಿದ್ದೂ ಆ ಎಂಜಿನಿಯರುಗಳು ನೀರಿನ ಕೊಳವೆಯೊಂದನ್ನು ವಿಆರ್‌ಎಂ ಮೇಲೂ ಹಾಯಿಸಿದರು. ಚಿಪ್ಪಿಗಷ್ಟೇ ನೀರು ಸಾಕೆನ್ನುವವರು ಇದಕ್ಕೆ ಉತ್ತರ ಹೇಳಬೇಕು.

ವಿರೋಧ: ಹೆಸರು ಫುಲ್ ಕವರ್, ಬೆನ್ನು ಬತ್ತಲೆ

ಉತ್ತರ ಹೇಳೋಣ. ಆದರೆ ಮೊದಲು ಗೆಳೆಯರು ಬಿಚ್ಚಿ ತೋರಿಸಿದ ಅದೇ 3090ಯನ್ನು ಸ್ವಲ್ಪ ಮಗುಚಿ ಹಾಕಿ. ಇದರ 24 ಜಿಬಿ ಎಂದರೆ ತಲಾ 1 ಜಿಬಿಯ 24 ಚಿಪ್ಪು. ಹನ್ನೆರಡು ಮುಂಬದಿಗೆ, ಇನ್ನುಳಿದ ಹನ್ನೆರಡು ಬೆನ್ನಿಗೆ. ನೂರು ಡಿಗ್ರಿಯ ಗಲಾಟೆಯಲ್ಲಿ ದೊಡ್ಡ ಪಾಲು ಈ ಬೆನ್ನಿನ ಚಿಪ್ಪುಗಳದ್ದು. ಫುಲ್ ಕವರ್ ಬ್ಲಾಕ್ ಕೂರುವುದು ಮುಂಬದಿಗೆ. ಬೆನ್ನಿಗೆ ಬರುವುದು ಒಂದು ಲೋಹದ ತಗಡು ಮತ್ತು ಥರ್ಮಲ್ ಪ್ಯಾಡು, ಅಷ್ಟೇ. ಅಲ್ಲಿಗೂ ನೀರು ಬೇಕೆಂದರೆ ನೀರು ಹರಿಯುವ ಬ್ಯಾಕ್‌ಪ್ಲೇಟನ್ನು ಬೇರೆಯಾಗಿ ಕೊಳ್ಳಬೇಕು. ಅಂದರೆ ಇನ್ನೊಂದು ಬ್ಲಾಕಿನ ದುಡ್ಡು. ಬ್ಲಾಕ್ ತಯಾರಕರು ಇಂಥ ಬ್ಯಾಕ್‌ಪ್ಲೇಟುಗಳನ್ನು ಹೊರತಂದದ್ದೇ ಮೊದಲ ಬ್ಲಾಕ್ ಪೂರ್ತಿ ಹೊದೆಯುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ. ನಾನು ಮಾಡಿದ್ದು ಇಷ್ಟು: ಚಿಪ್ಪಿಗೆ ಯೂನಿವರ್ಸಲ್ ಬ್ಲಾಕ್, ಬೆನ್ನಿನ ತಗಡಿನ ಮೇಲೆ ಅಗಲವಾದ ಒಂದು ಹೀಟ್‌ಸಿಂಕ್, ಅದರ ನೆತ್ತಿಗೆ 120 ಮಿಲಿಮೀಟರಿನ ಫ್ಯಾನ್. ನೋಡಲು ಚೆಂದವಿಲ್ಲ, ಒಪ್ಪಿದೆ. ಬೆನ್ನು ಮೇಲ್ಮುಖವಾಗಿರುವುದರಿಂದ ಕಳಚಿ ಬೀಳುವ ಭಯವೂ ಇಲ್ಲ.

ಇನ್ನೊಂದು ಸಂಕಟ ಅಳತೆಯದು. 3090 ಎಂಬ ಹೆಸರಿನಲ್ಲಿ ಒಂದೇ ಬೋರ್ಡಿಲ್ಲ. ಎನ್ವಿಡಿಯಾದ ಫೌಂಡರ್ಸ್ ಎಡಿಷನ್ನಿನ ಬೋರ್ಡಿಗೆ ಬಾಲದ ಕಡೆ ವಿ ಆಕಾರದ ಕಚ್ಚು. ಏಸಸ್ ಸ್ಟ್ರಿಕ್ಸ್‌ನದು ಎತ್ತರದ ಬೋರ್ಡು. ಇವಿಜಿಎ ಎಫ್‌ಟಿಡಬ್ಲ್ಯು3ಯದು ಮತ್ತೊಂದು ಬಗೆ. ಒಂದಕ್ಕೆ ಕೊರೆದ ಬ್ಲಾಕ್ ಆ ಬೋರ್ಡಿನ ಬಳಗ ಬಿಟ್ಟು ಇನ್ನೊಂದಕ್ಕೆ ಕೂರದು. ಇವಿಜಿಎ 2022ರಲ್ಲಿ ಗ್ರಾಫಿಕ್ಸ್ ಕಾರ್ಡಿನ ವ್ಯಾಪಾರವನ್ನೇ ಬಿಟ್ಟಿತು. ಇಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಅಂಥ ಕಾರ್ಡು ತಂದವರು ಅದಕ್ಕೆ ಸರಿಹೊಂದುವ ಬ್ಲಾಕಿಗಾಗಿ ಎಲ್ಲಿಗೆ ಹೋಗಬೇಕು? ಸ್ಲೊವೇನಿಯಾದ ಇಕೆಯದೋ ಜರ್ಮನಿಯ ಆಲ್ಫಾಕೂಲ್‌ನದೋ ಬ್ಲಾಕ್ ಸಿಕ್ಕರೂ ಬೆಲೆ ಐದಂಕಿ, ಮೇಲೆ ಸಾಗಣೆ, ಸುಂಕ. ಕಾರ್ಡು ಬದಲಾದ ದಿನ ಆ ಚೆಂದದ ತಾಮ್ರದ ಹಲಗೆ ಅಟ್ಟ ಸೇರುತ್ತದೆ. ಯೂನಿವರ್ಸಲ್ ಬ್ಲಾಕಿಗೆ ಬೇಕಾದ್ದು ಚಿಪ್ಪಿನ ಸುತ್ತಲಿನ ನಾಲ್ಕು ತೂತುಗಳ ಅಂತರ ಮಾತ್ರ. ಸ್ವಿಫ್ಟೆಕ್‌ನ ಎಂಸಿಡಬ್ಲ್ಯು82, ಇಕೆಯ ಥರ್ಮೋಸ್ಫಿಯರ್ ತರಹದವು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಸಂಸಾರ ಬದಲಿಸುತ್ತ ಬಂದದ್ದು ಹೀಗೆ. ಆಲ್ಫಾಕೂಲ್ ಕೂಡ ಒಮ್ಮೆ ನಡುದಾರಿ ಹಿಡಿದಿತ್ತು. ಅದರ ಹಳೆಯ ಜಿಪಿಎಕ್ಸ್ ಸಾಲಿನಲ್ಲಿ ನೀರು ಚಿಪ್ಪಿಗಷ್ಟೇ, ಉಳಿದದ್ದಕ್ಕೆ ಬೋರ್ಡಿನ ಅಳತೆಯ ಅಲ್ಯೂಮಿನಿಯಂ ಹೀಟ್‌ಸಿಂಕ್. ಕಾರ್ಡು ಬದಲಾದರೆ ಹೀಟ್‌ಸಿಂಕ್ ಬದಲಿಸಿದರಾಯಿತು, ನೀರಿನ ಭಾಗ ಹಾಗೇ ಉಳಿಯುತ್ತಿತ್ತು. ನನ್ನ ಮಟ್ಟಿಗೆ ಜಾಣತನದ ಕೆಲಸ.

ನಾನು ಫುಲ್ ಕವರ್ ಹಾಕಿಯೇ ಇಲ್ಲ ಎಂದುಕೊಳ್ಳಬೇಡಿ. ಒಂದು ಮಿಲಿಮೀಟರಿನ ಪ್ಯಾಡ್ ಹಾಕಬೇಕಾದಲ್ಲಿ ಒಂದೂವರೆಯದನ್ನು ಹಾಕಿದೆ. ಮೆಮೊರಿಯ ಮೇಲೆ ಬ್ಲಾಕ್ ಮಂಚದ ಹಾಗೆ ಎತ್ತರಕ್ಕೆ ನಿಂತಿತು, ಚಿಪ್ಪಿಗೆ ಸರಿಯಾಗಿ ತಾಗಲೇ ಇಲ್ಲ. ಹತ್ತೇ ನಿಮಿಷದಲ್ಲಿ ಕಾರ್ಡು ಉಸಿರುಗಟ್ಟಿ ವೇಗ ಇಳಿಸಿತು. ನೀರು ಬಸಿದು, ಪೈಪು ಕಳಚಿ, ಮತ್ತೆ ಮೊದಲಿನಿಂದ. ಯೂನಿವರ್ಸಲ್ ಬ್ಲಾಕಿನಲ್ಲಿ ಈ ತಪ್ಪಿಗೆ ಜಾಗವೇ ಇಲ್ಲ.

ಇನ್ನು ಫ್ಯೂರಿ ಎಕ್ಸ್ ಪ್ರಶ್ನೆ. ವಿಆರ್‌ಎಂ ಬಿಸಿಯಾಗುತ್ತದೆ, ನಿಜ. ಕರೆಂಟು ಕಡಿಮೆ ಎಳೆದರೆ ಬಿಸಿಯೂ ಕಡಿಮೆ. 3090ರ ಪವರ್ ಲಿಮಿಟನ್ನು 350ರಿಂದ 280 ವ್ಯಾಟಿಗೆ ಇಳಿಸಿ ನೋಡಿ, ಎಐ ಕೆಲಸದ ವೇಗಕ್ಕೆ ಬೀಳುವ ಪೆಟ್ಟು ಚಿಕ್ಕದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಗೆ ಕೋಣೆಯೇ 40 ಡಿಗ್ರಿಯಾದಾಗ ಯಾವ ಬ್ಲಾಕ್ ತಂದರೂ ನೀರು ಅದಕ್ಕಿಂತ ಕೆಳಗಿಳಿಯದು. ಅಂಥ ಊರಿನವರು ಬ್ಲಾಕಿಗೆ ಸುರಿಯುವ ದುಡ್ಡಿನಲ್ಲಿ ದೊಡ್ಡ ರೇಡಿಯೇಟರ್ ಕೊಳ್ಳುವುದು ಮೇಲು.

ಪರದವರ ಮರುಮಾತು

ಬೆನ್ನಿನ ಮಾತಿಗೆ ತಲೆಬಾಗಿದೆ. ಬರಿಯ ತಗಡನ್ನು ನಂಬಿ 3090ಯನ್ನು ದಿನವಿಡೀ ದುಡಿಸಬಾರದು. ನನ್ನ ಕಾರ್ಡಿನ ಬೆನ್ನಿಗೂ ಒಂದು ಫ್ಯಾನ್ ಇದೆ. ಆದರೆ ಆ ದೂರು 3090ರದ್ದು, ಫುಲ್ ಕವರಿನದಲ್ಲ. 2022ರ ಮಾರ್ಚಿನಲ್ಲಿ ಬಂದ 3090 ಟಿಐಯಲ್ಲಿ ತಲಾ 2 ಜಿಬಿಯ 12 ಚಿಪ್ಪು, ಎಲ್ಲವೂ ಮುಂಬದಿಗೇ. ಅದು 450 ವ್ಯಾಟಿನ ಕಾರ್ಡು. 2025ರ 5090 ಹೋಗಿ ಮುಟ್ಟಿದ್ದು 575ಕ್ಕೆ. ಅಷ್ಟು ಬಿಸಿಯ ನಡುವೆ ಟೇಪಿನ ಬಾವಲಿಗಳನ್ನು ನಾನಂತೂ ನಂಬಲಾರೆ. ಪವರ್ ಲಿಮಿಟ್ ಇಳಿಸುವುದೇ ಮದ್ದಾದರೆ ನೀರಿನ ಗೊಡವೆಯೇ ಬೇಡ, ಕಾರ್ಡಿನ ಜೊತೆ ಬಂದ ಫ್ಯಾನುಗಳೇ ಸಾಕಲ್ಲ?

ಅಳತೆಯ ಎಚ್ಚರಿಕೆಯನ್ನು ಮಾತ್ರ ನಾನೂ ಅನುಮೋದಿಸುತ್ತೇನೆ. ಬ್ಲಾಕಿಗೆ ದುಡ್ಡು ಕಟ್ಟುವ ಮೊದಲು ಕೂಲರ್ ಬಿಚ್ಚಿ, ಬೋರ್ಡಿನ ಮೇಲೆ ಅಚ್ಚಾದ ಮಾಡೆಲ್ ನಂಬರ್ ಓದಿ, ಎರಡೂ ಬದಿಯ ಫೋಟೋ ತೆಗೆದು, ಬ್ಲಾಕ್ ತಯಾರಕರ ಪಟ್ಟಿಯೊಂದಿಗೆ ತಾಳೆ ನೋಡಿ. ಪ್ಯಾಡಿನ ದಪ್ಪವನ್ನು ಕೈಪಿಡಿಯಲ್ಲಿ ಎರಡು ಸಲ ಓದಿ.