ಕಾಲುವೆ ಎರಡು ಪಂಚಾಯಿತಿಯದು, ಅಧ್ಯಕ್ಷರು ಒಟ್ಟಿಗೆ ಕೂರಲಿ

ನಮ್ಮ ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಇರುವುದು ಕೆರೆಗಳು. ಅವೂ ಸರಪಣಿ ಹಾಗೆ ಒಂದಕ್ಕೊಂದು ಕೂಡಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಹಿರಿಯರು ನೆಲದ ಇಳಿಜಾರು ನೋಡಿ ಕಟ್ಟಿಸಿದರು, ಆಗ ಪಂಚಾಯಿತಿ ಗಡಿ ಎಲ್ಲಿತ್ತು?

ಈಗ ನಮ್ಮ ಸರಪಣಿ ಮೂರು ಪಂಚಾಯಿತಿಗೆ ಹಂಚಿಹೋಗಿದೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್‌ರಾಜ್ ಸಂಸ್ಥೆಗಳ ಕೈಲಿ. ಅದಕ್ಕೆ ಮೇಲ್ಪಟ್ಟು 2000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಗೆ. ನೀರು ಒಂದೇ, ಯಜಮಾನರು ನಾಲ್ಕು ಜನ.

2024ರ ಬೇಸಿಗೆಯಲ್ಲಿ ನಮ್ಮೂರ ಕೆರೆ ಹೂಳು ತೆಗೆದೆವು. ಎರಡು ಎಕರೆ ರಾಗಿ ಹೊಲಕ್ಕೆ ನಾನೂ ಆ ಗೋಡು ಹೊಡೆಸಿದೆ. ಹೊಲ ಚೆನ್ನಾಗಾಯ್ತು, ಕೆರೆ ಮಾತ್ರ ತುಂಬಲಿಲ್ಲ. ಯಾಕೆಂದರೆ ನೀರು ತರುವ ಕಾಲುವೆಯ ಅರ್ಧ ಪಕ್ಕದ ಪಂಚಾಯಿತಿಯಲ್ಲಿದೆ. ಅಲ್ಲಿ ಜಾಲಿ ಬೆಳೆದಿದೆ. ಒಂದು ಕಡೆ ಕಾಲುವೆಯನ್ನೇ ಉತ್ತು ಹೊಲ ಮಾಡ್ಕೊಂಡಿದ್ದಾರೆ. ನಮ್ಮ ಅಧ್ಯಕ್ಷರನ್ನು ಕೇಳಿದರೆ "ಅದು ನಮ್ಮ ಗಡಿ ಅಲ್ಲ" ಅಂತಾರೆ. ಅವರನ್ನು ಕೇಳಿದರೆ "ಅದರಿಂದ ನಮ್ಮೂರಿಗೇನು ಲಾಭ?" ಅಂತಾರೆ. ಇಬ್ಬರ ಮಾತೂ ಕಾಗದದಲ್ಲಿ ಸರಿ. ಇತ್ತ ಕೆರೆ ಒಣಗಿದೆ, ಅದನ್ನು ನಂಬಿದ ಕೊಳವೆಬಾವಿಗಳೂ ಒಣಗುತ್ತಿವೆ.

ಮೇಲಿನವರಿಗೂ ಕಷ್ಟ ಇದೆ. ಅವರೂ ಮಳೆ ನಂಬಿದವರೇ. ಚೆಕ್‌ಡ್ಯಾಂ ಕಟ್ಟಬೇಡಿ ಅನ್ನೋಕೆ ನಮಗೆ ಬಾಯಿಲ್ಲ. ಎಲ್ಲಿ ಕಟ್ಟಬೇಕು, ಎಷ್ಟು ಎತ್ತರ, ಕೆಳಗಿನವರಿಗೆಷ್ಟು ಬಿಡಬೇಕು, ಇದನ್ನು ಕೂತು ಮಾತಾಡಬೇಕು. ಹಿಂದೆ ತೂಬು, ಕಾಲುವೆ ನೋಡಿಕೊಳ್ಳಲು ನೀರಗಂಟಿ ಇದ್ದ. ಈಗ ಆ ಜವಾಬ್ದಾರಿ ಅಧ್ಯಕ್ಷರು ಹೊರಬೇಕು.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಗೆ ಬರುತ್ತಿದೆ. ಮೊದಲು ಲಕ್ಷ್ಮೀಸಾಗರ ಕೆರೆ, ಅಲ್ಲಿಂದ ಕೆರೆಯಿಂದ ಕೆರೆಗೆ. ಆ ನೀರಿನ ಗುಣದ ತಕರಾರು ಬೇರೆ ಮಾತು. ಆದರೆ ಪಟ್ಟಣದ ನೀರು ಜಿಲ್ಲೆಯ ಗಡಿ ದಾಟುವಾಗ ನಮ್ಮದೇ ಮಳೆನೀರು ಪಂಚಾಯಿತಿ ಗಡಿ ದಾಟದು ಅಂದರೆ ಏನರ್ಥ?

ನನ್ನ ಸಲಹೆ ಇಷ್ಟೆ. ಯುಗಾದಿ ಕಳೆದು ಮುಂಗಾರಿಗೆ ಮುಂಚೆ, ಒಂದೇ ಸರಪಣಿಯ ಅಧ್ಯಕ್ಷರು, ಪಿಡಿಓಗಳು ಸರ್ವೆ ನಕಾಶೆ ಹಿಡಿದು ಕಾಲುವೆ ಗುಂಟ ಒಟ್ಟಿಗೆ ನಡೆಯಲಿ. ಯಾವ ಭಾಗ ಯಾರು ಸ್ವಚ್ಛ ಮಾಡಬೇಕು ಅಂತ ಎಲ್ಲ ಪಂಚಾಯಿತಿಗಳೂ ಒಂದೇ ರೀತಿ ಠರಾವು ಬರೆಯಲಿ, ಕ್ರಿಯಾಯೋಜನೆಗೂ ಸೇರಿಸಲಿ. ಒತ್ತುವರಿಗೆ ತಹಸೀಲ್ದಾರರಿಗೆ ಜತೆಯಾಗಿ ಅರ್ಜಿ ಕೊಡಲಿ. ಕೆಳಗಿನೂರಿನವರು ಮೇಲಿನ ಕಾಲುವೆಗೆ ಆಳು ಕಳಿಸೋಕೆ ತಯಾರಿರಬೇಕು, ಲಾಭ ನಮ್ಮದಲ್ಲವೆ? 2020ರ ಚುನಾವಣೆಯಲ್ಲಿ ಬಂದ ಪಂಚಾಯಿತಿಗಳಲ್ಲಿ ಅಧ್ಯಕ್ಷಗಿರಿ 30 ತಿಂಗಳಿಗೇ ಬದಲಾಯಿತು. ಬಾಯಿಮಾತು ಹೋದವರ ಜತೆ ಹೋಗುತ್ತೆ, ಠರಾವು ಪುಸ್ತಕದಲ್ಲಿ ಉಳಿಯುತ್ತೆ.

ಮತ ಕೇಳಲು ಬಂದವರ ಹತ್ತಿರ ಚರಂಡಿ, ಬೀದಿದೀಪ ಕೇಳಿ, ಬೇಡ ಅನ್ನೋಲ್ಲ. ಜತೆಗೆ ಇದೊಂದು ಕೇಳಿ: "ಪಕ್ಕದ ಪಂಚಾಯಿತಿಯವರ ಜತೆ ಕಾಲುವೆ ನೋಡೋಕೆ ಯಾವತ್ತು ಹೋಗ್ತೀರಿ?" ದಿನ ಹೇಳಿದವರಿಗೆ ನನ್ನ ಓಟು. ನಿಮ್ಮ ಕಡೆ ಎರಡು ಪಂಚಾಯಿತಿ ಕೂಡಿ ಇಂಥ ಕೆಲಸ ಮಾಡಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ನಮ್ಮ ಅಧ್ಯಕ್ಷರಿಗೆ ಓದಿ ಹೇಳ್ತೇನೆ.