ಕೊಜುಮೆಲ್‌ನಲ್ಲಿ ಐದೇ ಗಂಟೆ

ವಿಹಾರದ ಹಡಗಿನಲ್ಲಿ ಮೂರು ಹೊತ್ತಿನ ಊಟ, ಮಲಗಲು ಕೋಣೆ, ಸಂಜೆಯ ಸಂಗೀತ ಎಲ್ಲವೂ ಟಿಕೆಟ್ಟಿನ ಹಣದಲ್ಲೇ ಸೇರಿರುತ್ತದೆ. ನಿಜವಾದ ಖರ್ಚು ಶುರುವಾಗುವುದು ಹಡಗು ಬಂದರಿಗೆ ಬಂದು ನಿಂತ ಮೇಲೆ. ಮೊದಲ ಸಲ ಹೋಗುವವರಿಗೆ ಇದು ಸ್ವಲ್ಪ ತಡವಾಗಿಯೇ ಗೊತ್ತಾಗುತ್ತದೆ.

ಶಿವಮೊಗ್ಗದ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಅಪ್ಪ ನಿವೃತ್ತ ಹೈಸ್ಕೂಲು ಗಣಿತ ಮೇಷ್ಟ್ರು. ಮಗಳು ಅಮೆರಿಕದ ಟೆಕ್ಸಾಸಿನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ವಿಶ್ವವಿದ್ಯಾಲಯದಲ್ಲೇ ಬೋಧನಾ ಸಹಾಯಕಿಯಾಗಿ ದುಡಿದು ಉಳಿಸಿದ ಹಣದಲ್ಲಿ, ಡಿಸೆಂಬರ್ ರಜೆಗೆ ಬಂದ ಅಪ್ಪ ಅಮ್ಮನನ್ನು ಒಮ್ಮೆ ಹಡಗಿನಲ್ಲಿ ಕರೆದುಕೊಂಡು ಹೋಗಬೇಕೆಂಬುದು ಅವಳ ಆಸೆ. ಗಾಲ್ವೆಸ್ಟನ್ ಬಂದರಿನಿಂದ ಐದು ದಿನದ ಯಾನ. ನಡುವೆ ಒಂದು ಹಗಲು ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ನಿಲುಗಡೆ. ಆ ಒಂದು ಹಗಲಿಗೆ ಏನು ಮಾಡುವುದೆಂಬ ಪಟ್ಟಿಯನ್ನು ಅವಳು ಊಟದ ಮೇಜಿನ ಮೇಲೆ ಹರಡಿದ್ದಾಳೆ.

“ಅಪ್ಪ, ಬೀಚ್ ಕ್ಲಬ್ಬಿಗೆ ತಲೆಗೆ ಎಪ್ಪತ್ತು ಡಾಲರಂತೆ. ಊಟ, ಕುರ್ಚಿ, ಕೊಡೆ ಎಲ್ಲಾ ಸೇರಿ. ಕುಡಿಯೋದಂತೂ ಎಷ್ಟು ಬೇಕಾದರೂ.”

“ಕುಡಿಯೋದು ಅಂದ್ರೆ?”

“ಅದೇ... ಎಲ್ಲಾ ಥರದ್ದೂ.”

“ನಮ್ಮ ಮೂವರಲ್ಲಿ ಕುಡಿಯೋರು ಯಾರು ಮಗಳೇ?”

ಅಡುಗೆಮನೆಯಿಂದ ಅಮ್ಮ, “ನಿಂಬೆಹಣ್ಣಿನ ಪಾನಕಕ್ಕೆ ಎಪ್ಪತ್ತು ಡಾಲರಾ?” ಎಂದರು.

ಅಮ್ಮ ಕೇಳಿದ ಪ್ರಶ್ನೆಯಲ್ಲಿ ಇಡೀ ವ್ಯವಹಾರದ ಮರ್ಮ ಅಡಗಿದೆ. ‘ಆಲ್ ಇನ್‌ಕ್ಲೂಸಿವ್’ ಎಂಬ ಡೇ ಪಾಸ್‌ನ ದರ ನಿಂತಿರುವುದು ಹೆಚ್ಚಾಗಿ ಮದ್ಯ ಮತ್ತು ಮಾಂಸದೂಟದ ಲೆಕ್ಕದ ಮೇಲೆ. ಬೆಳಗಿನಿಂದ ಕುಡಿಯುತ್ತ ಕೂರುವವನಿಗೆ ಅದು ಅಗ್ಗ. ಎರಡು ಲೋಟ ಹಣ್ಣಿನ ರಸ ಕುಡಿದು, ಅನ್ನ ಹುರುಳಿಕಾಯಿ ತಿಂದು ಏಳುವವರು ಪಕ್ಕದ ಕುರ್ಚಿಯವನ ಬಿಲ್ಲಿನಲ್ಲಿ ಪಾಲು ಕೊಟ್ಟಂತೆ. ಇನ್ನೂ ಒಂದು ಸಂಗತಿ: ಅದೇ ಮಧ್ಯಾಹ್ನದ ಊಟಕ್ಕೆ ಹಡಗಿನಲ್ಲಿ ಆಗಲೇ ಹಣ ಕಟ್ಟಿಯಾಗಿದೆ.

ಕೊಜುಮೆಲ್‌ಗೇ ಇಷ್ಟೊಂದು ಹಡಗುಗಳು ಏಕೆ ಹೋಗುತ್ತವೆ ಎಂಬುದು ವಿದ್ಯಾರ್ಥಿಗಳಿಗೆ ಕುತೂಹಲದ ವಿಷಯ. ಈ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ ಮೊದಲಾದ ದೇಶಗಳ ಧ್ವಜ ಹೊತ್ತವು. ಅಮೆರಿಕದ ನಿಯಮಗಳ ಪ್ರಕಾರ ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡು ಸುಮ್ಮನೆ ಒಂದು ಸುತ್ತು ಹಾಕಿ ಅಲ್ಲಿಯೇ ಇಳಿಸುವಂತಿಲ್ಲ. ನಡುವೆ ಪರದೇಶದ ಬಂದರೊಂದನ್ನು ಮುಟ್ಟಲೇಬೇಕು. ಟೆಕ್ಸಾಸಿನಿಂದ ಹೊರಟ ಹಡಗಿಗೆ ಕೈಗೆಟುಕುವ ಪರದೇಶವೆಂದರೆ ಮೆಕ್ಸಿಕೋ. ಯುಕಟಾನ್ ಪರ್ಯಾಯ ದ್ವೀಪದ ತೀರದಿಂದ ಸುಮಾರು 20 ಕಿ.ಮೀ. ದೂರದಲ್ಲಿ, 48 ಕಿ.ಮೀ. ಉದ್ದ, 16 ಕಿ.ಮೀ. ಅಗಲಕ್ಕೆ ಚಾಚಿಕೊಂಡಿರುವ ಸುಣ್ಣಕಲ್ಲಿನ ನೆಲ ಕೊಜುಮೆಲ್. ಹೊಳೆಗಳೇ ಇಲ್ಲ. ಹೊಳೆ ಇಲ್ಲದ ಕಾರಣ ಸಮುದ್ರಕ್ಕೆ ಕೆಸರು ಸೇರುವುದಿಲ್ಲ. ನೀರು ಗಾಜಿನಂತೆ ತಿಳಿ. ಆಸ್ಟ್ರೇಲಿಯದ್ದನ್ನು ಬಿಟ್ಟರೆ ಜಗತ್ತಿನಲ್ಲೇ ದೊಡ್ಡದಾದ ಹವಳದ ದಿಬ್ಬದ ಸಾಲು ಇದರ ಬದಿಯಲ್ಲೇ ಹಾದುಹೋಗುತ್ತದೆ. 1996ರಲ್ಲಿ ಇಲ್ಲಿನ ಹವಳದ ಪ್ರದೇಶ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು.

ಆದರೆ ಇಡೀ ದ್ವೀಪದ ತೀರ ಒಂದೇ ರೀತಿ ಇಲ್ಲ. ಪೂರ್ವದ ಕಡೆ ತೆರೆದ ಕೆರಿಬಿಯನ್ ಸಮುದ್ರ. ಅಲೆ ಜೋರು, ಈಜು ಬಾರದವರು ಅಲ್ಲಿ ದಡದಲ್ಲಿ ನಿಂತು ನೋಡಬೇಕಷ್ಟೆ. 2011ರಿಂದೀಚೆಗೆ ಕೆರಿಬಿಯನ್ ದಡಗಳಿಗೆ ರಾಶಿ ರಾಶಿಯಾಗಿ ತೇಲಿ ಬರುತ್ತಿರುವ ಸರ್ಗಾಸಮ್ ಪಾಚಿಯೂ ಹೆಚ್ಚು ಬಂದು ಬೀಳುವುದು ಅದೇ ಪೂರ್ವದ ಕಡೆಗೆ. ಪಶ್ಚಿಮದ ಕಡೆ ಸಮುದ್ರ ಶಾಂತ. ಹಡಗುಗಳು ನಿಲ್ಲುವುದೂ ಈ ಕಡೆಯೇ. ಆದರೆ ಇಲ್ಲಿಯೂ ಸಾನ್ ಮಿಗೆಲ್ ಊರಿನ ಹತ್ತಿರ ಇರುವುದು ಚೂಪು ಸುಣ್ಣಕಲ್ಲಿನ ದಡ; ಏಣಿ ಹಿಡಿದು ನೀರಿಗಿಳಿಯಬೇಕು. ಕಾಲಿಟ್ಟರೆ ಮೆತ್ತಗಿನ ಮರಳು ಬೇಕೆಂದರೆ ದಕ್ಷಿಣಕ್ಕೆ ಹದಿನೈದು ಕಿಲೋಮೀಟರು ಆಸುಪಾಸಿಗೆ ಹೋಗಬೇಕು. ಆ ರಸ್ತೆಯಲ್ಲಿ ಕಿಲೋಮೀಟರು ಸಂಖ್ಯೆಯೇ ಕ್ಲಬ್ಬುಗಳ ವಿಳಾಸ. ಹಣ ಕಟ್ಟುವ ಮುಂಚೆ ಬಣ್ಣದ ಚಿತ್ರ ನೋಡುವುದಕ್ಕಿಂತ ಆ ಸಂಖ್ಯೆಯನ್ನು ನೋಡುವುದು ಮೇಲು. ಎಷ್ಟು ದೂರ, ಎಂಥ ದಡ, ಟ್ಯಾಕ್ಸಿಗೆ ಎಷ್ಟಾದೀತು ಎಂಬ ಮೂರೂ ಅದರಿಂದ ತಿಳಿಯುತ್ತದೆ.

ಮೇಷ್ಟ್ರು ಕಾಗದ ಪೆನ್ನು ತೆಗೆದುಕೊಂಡು ಕೂತರು. ಹಡಗು ನಿಲ್ಲುವುದು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ. ಓದಿದವರು ಒಂಬತ್ತು ಗಂಟೆ ಎಂದುಕೊಳ್ಳುತ್ತಾರೆ. ಆದರೆ ಎಲ್ಲರೂ ಹಡಗಿನ ಒಳಗಿರಬೇಕಾದದ್ದು 4.30ಕ್ಕೆ. ಬೆಳಿಗ್ಗೆ ಸಾವಿರಾರು ಜನ ಒಟ್ಟಿಗೆ ಇಳಿಯುವಾಗ ಜೆಟ್ಟಿ ಮುಟ್ಟುವಷ್ಟರಲ್ಲಿ 8.45. ಟ್ಯಾಕ್ಸಿಯ ಸಾಲು, ದಾರಿ ಎಲ್ಲ ಮುಗಿದು ಮರಳಿನ ಮೇಲೆ ಕೂರುವಾಗ 9.30. ವಾಪಸು ಹೊರಡುವುದು 2.45ಕ್ಕೆ, ಜೆಟ್ಟಿಯ ಅಂಗಡಿ ಸಾಲು, ತಪಾಸಣೆ ದಾಟಿ ಹಡಗು ಸೇರುವಾಗ 3.45. ಕೈಗೆ ಉಳಿದದ್ದು ಐದೂ ಕಾಲು ಗಂಟೆ. ಎಪ್ಪತ್ತು ಡಾಲರಿನ ಪಾಸು ಕೊಂಡರೆ ಗಂಟೆಗೆ ತಲಾ ಹದಿಮೂರು ಡಾಲರಿಗೂ ಮಿಗಿಲಾಯಿತು. ಅದರಲ್ಲಿ ಅಮ್ಮ ನೀರಿನಲ್ಲಿರುವುದು ಹೆಚ್ಚೆಂದರೆ ಒಂದೂವರೆ ಗಂಟೆ.

ಎಲ್ಲ ಕ್ಲಬ್ಬುಗಳೂ ಒಂದೇ ರೀತಿ ಹಣ ಕೇಳುವುದಿಲ್ಲ. ಕೆಲವರು ಬಾಗಿಲಲ್ಲಿ ಪ್ರವೇಶ ಶುಲ್ಕ ತೆಗೆದುಕೊಂಡು ಉಳಿದದ್ದಕ್ಕೆ ಬೇರೆ ಬಿಲ್ಲು ಕೊಡುತ್ತಾರೆ. ಇನ್ನು ಕೆಲವರದು ‘ಕನ್ಸೂಮೋ ಮೀನಿಮೋ’, ಅಂದರೆ ಕನಿಷ್ಠ ಇಷ್ಟು ರೂಪಾಯಿಯದು ತಿನ್ನಬೇಕು ಎಂಬ ಕರಾರು. ಕುರ್ಚಿ, ಕೊಡೆ, ಸ್ನಾನದ ಮನೆ ಅದರಲ್ಲೇ ಬಂತು. ಕುಡಿಯದ ಕುಟುಂಬಕ್ಕೆ ಹೇಳಿ ಮಾಡಿಸಿದ್ದು ಈ ಎರಡನೆಯದು. ಕನಿಷ್ಠ ಮೊತ್ತ ತಲೆಗೆ 20 ಡಾಲರು, ಟ್ಯಾಕ್ಸಿ ಒಂದು ದಿಕ್ಕಿಗೆ 25 ಎಂದು ಲೆಕ್ಕಕ್ಕಾಗಿ ಹಿಡಿದರೆ ಮೂವರಿಗೆ 110 ಡಾಲರಿಗೆ ದಿನ ಮುಗಿಯುತ್ತದೆ. ಎಪ್ಪತ್ತರ ಪಾಸಾದರೆ ಟ್ಯಾಕ್ಸಿ ಸೇರಿ 260. ದರಗಳು ವರ್ಷಕ್ಕೊಮ್ಮೆ, ಕೆಲವೊಮ್ಮೆ ತಿಂಗಳಿಗೊಮ್ಮೆ ಬದಲಾಗುತ್ತವೆ. ಕೂಡುವ ವಿಧಾನವಷ್ಟೇ ಬದಲಾಗುವುದಿಲ್ಲ.

ಹಾಗಾದರೆ ಏನೂ ಕೊಡದೆ ದಡದಲ್ಲಿ ಕೂರಬಹುದಲ್ಲ ಎಂದು ಕೇಳಬಹುದು. ಕೂರಬಹುದು. ಮೆಕ್ಸಿಕೋದ ಕಾನೂನಿನಲ್ಲಿ ಸಮುದ್ರತೀರ ಇಡೀ ರಾಷ್ಟ್ರದ ಸ್ವತ್ತು, ಯಾರದೇ ಖಾಸಗಿ ಆಸ್ತಿಯಲ್ಲ. ತೀರಕ್ಕೆ ಹೋಗುವವರನ್ನು ತಡೆಯುವ ಮಾಲೀಕರಿಗೆ ದಂಡ ಹಾಕಲು 2020ರಲ್ಲಿ ತಿದ್ದುಪಡಿಯೂ ಆಯಿತು. ಕ್ಲಬ್ಬಿನವರು ಮಾರುವುದು ನೆರಳು, ಕುರ್ಚಿ, ಶೌಚಾಲಯ ಮತ್ತು ಮೈಯ ಉಪ್ಪು ತೊಳೆಯಲು ಸಿಹಿನೀರು. ಹಾಸ್ಟೆಲಿನ ನಾಲ್ಕು ಹುಡುಗರು ಹೋದರೆ ಇವಿಲ್ಲದೆಯೂ ನಡೆಯುತ್ತದೆ. ಮಂಡಿನೋವಿನ ಅಮ್ಮನಿಗೆ ನೆರಳಿಲ್ಲದ ಮರಳಿನ ಮೇಲೆ ಐದು ಗಂಟೆ ಕೂರಿಸುವುದು ಉಳಿತಾಯವಲ್ಲ.

ಹಡಗಿನವರೇ ಏರ್ಪಡಿಸುವ ಬೀಚ್ ಪ್ರವಾಸವೂ ಇರುತ್ತದೆ. ತಲೆಗೆ 95 ಡಾಲರು ಎಂದಿದ್ದರೆ ಮೂವರಿಗೆ 285. ದುಬಾರಿ ಎಂದು ಮೊದಲೇ ತಳ್ಳಿಹಾಕುವವರೇ ಹೆಚ್ಚು. ಆದರೆ ಅದರಲ್ಲಿ ಬಸ್ಸಿನ ಹಣ ಸೇರಿರುತ್ತದೆ. ಟ್ಯಾಕ್ಸಿ ಕೂಡಿಸಿ ನೋಡಿದರೆ ಎಪ್ಪತ್ತರ ಪಾಸಿಗೂ ಇದಕ್ಕೂ 25 ಡಾಲರಿನ ಅಂತರ. ಆ 25 ಡಾಲರಿಗೆ ಸಿಗುವುದು ಒಂದು ಭರವಸೆ: ಹಡಗಿನವರ ಬಸ್ಸು ತಡವಾದರೆ ಹೊಣೆ ಅವರದು. ತಾವೇ ಟ್ಯಾಕ್ಸಿ ಹಿಡಿದು ಹೋದವರು ತಡವಾದರೆ ಹಡಗು ಕಾಯುವುದಿಲ್ಲ. ಡಿಸೆಂಬರಿನಲ್ಲಿ ಇನ್ನೊಂದು ಲಾಭವೂ ಇದೆ. ಚಳಿಗಾಲದಲ್ಲಿ ‘ನೋರ್ತೆ’ ಎಂಬ ಉತ್ತರದ ಗಾಳಿ ಬೀಸಿದರೆ ಬಂದರನ್ನೇ ಮುಚ್ಚುವುದುಂಟು, ಹಡಗು ನಿಲ್ಲದೆ ಮುಂದೆ ಹೋಗುತ್ತದೆ. ಆಗ ಹಡಗಿನವರು ತಮ್ಮ ಪ್ರವಾಸದ ಹಣ ಹಿಂದಿರುಗಿಸುತ್ತಾರೆ. ಹೊರಗಿನ ಕ್ಲಬ್ಬಿಗೆ ಮುಂಗಡ ಕಟ್ಟಿದ್ದರೆ ಅವರ ನಿಯಮ ಏನೆಂದು ಮೊದಲೇ ಓದಿರಬೇಕು. ಸ್ಥಳದಲ್ಲೇ ಹಣ ತೆಗೆದುಕೊಳ್ಳುವ ಕ್ಲಬ್ಬು ಈ ತಿಂಗಳಿನಲ್ಲಿ ಕ್ಷೇಮ.

ಗಡಿಯಾರದ ಗೊಂದಲವಂತೂ ಬಿ.ಇ. ಓದಿದವರನ್ನೂ ಬೀಳಿಸುವಂಥದ್ದು. ಕೊಜುಮೆಲ್ ಇರುವ ಕಿಂತಾನಾ ರೋ ರಾಜ್ಯ 2015ರ ಫೆಬ್ರುವರಿಯಿಂದ ವರ್ಷವಿಡೀ ಒಂದೇ ಸಮಯ ಇಟ್ಟುಕೊಂಡಿದೆ. ಅಮೆರಿಕದವರು ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಚಳಿಗಾಲಕ್ಕೆ ಹಿಂದಕ್ಕೆ ತಿರುಗಿಸುತ್ತಾರೆ. ಹೀಗಾಗಿ ಡಿಸೆಂಬರಿನಲ್ಲಿ ದ್ವೀಪದ ಗಡಿಯಾರ ಟೆಕ್ಸಾಸಿಗಿಂತ ಒಂದು ಗಂಟೆ ಮುಂದೆ. ಹಡಗು ಟೆಕ್ಸಾಸಿನ ಸಮಯವನ್ನೇ ಇಟ್ಟುಕೊಂಡಿದ್ದರೆ, ದಡಕ್ಕಿಳಿದೊಡನೆ ತಾನೇ ಬದಲಾಗುವ ಮೊಬೈಲ್ ನಂಬಿದವರು ಒಂದು ಗಂಟೆ ಮುಂಚೆಯೇ ವಾಪಸಾಗಿ ಐದರಲ್ಲಿ ಒಂದು ಗಂಟೆ ಕಳೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಮಯಾಮಿಯಿಂದ ಬಂದವರಿಗೆ ಇದು ತಿರುಗುಮುರುಗು. ಹಡಗಿನಲ್ಲಿ 4.30 ಆದಾಗ ಮೊಬೈಲ್ 3.30 ತೋರಿಸುತ್ತದೆ, ಇನ್ನೂ ಹೊತ್ತಿದೆ ಎಂದು ಕೂತವರು ಜೆಟ್ಟಿಗೆ ಬರುವಾಗ ಹಡಗು ಬಿಟ್ಟಿರುತ್ತದೆ. ಕೆಲವು ಹಡಗುಗಳು ಬಂದರಿಗೆ ತಕ್ಕಂತೆ ತಮ್ಮ ಗಡಿಯಾರವನ್ನೂ ತಿರುಗಿಸುವುದರಿಂದ ಇಳಿಯುವಾಗ ಬಾಗಿಲಲ್ಲೇ ಕೇಳಬೇಕು. ಈ ವಿಷಯದಲ್ಲಿ ಮಗಳ ಮೊಬೈಲಿಗಿಂತ ಅಪ್ಪನ ಕೈಯಲ್ಲಿರುವ, ಕೀಲಿ ಕೊಡುವ ಹಳೆಯ ಎಚ್.ಎಂ.ಟಿ. ಗಡಿಯಾರ ಮೇಲು. ಅದು ತಾನಾಗಿ ಬದಲಾಗುವುದಿಲ್ಲ. ಹಡಗಿನ ಸಮಯಕ್ಕೆ ಇಟ್ಟರೆ ಸಾಕು.

ಕೊಜುಮೆಲ್‌ನ ಟ್ಯಾಕ್ಸಿಗಳಲ್ಲಿ ಮೀಟರಿಲ್ಲ. ಯಾವ ಭಾಗಕ್ಕೆ ಎಷ್ಟೆಂಬ ದರಪಟ್ಟಿ ಇರುತ್ತದೆ. ದರ ಇಡೀ ಕಾರಿಗೋ ತಲೆಗೋ, ಡಾಲರೋ ಪೆಸೋವೋ ಎಂಬುದನ್ನು ಹತ್ತುವ ಮೊದಲೇ ಬಾಯಿಬಿಟ್ಟು ಕೇಳುವುದು ಒಳ್ಳೆಯದು. ಊಟದ ಮಾತು ಹೇಳುವುದಾದರೆ, ಮೆಕ್ಸಿಕೋದ ಜೋಳದ ರೊಟ್ಟಿ, ಹುರುಳಿಕಾಳು, ಅನ್ನ ನೋಡಿದರೆ ನಮ್ಮದೇ ಊಟ ಎನಿಸುತ್ತದೆ. ಆದರೆ ಕಾಳನ್ನು ಹಂದಿಯ ಕೊಬ್ಬಿನಲ್ಲಿ, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವ ರೂಢಿ ಉಂಟು. ‘ಸಿನ್ ಕಾರ್ನೆ, ಸಿನ್ ಮಾಂತೇಕಾ’, ಅಂದರೆ ಮಾಂಸವಿಲ್ಲದೆ, ಕೊಬ್ಬಿಲ್ಲದೆ ಎಂಬ ಎರಡು ಮಾತು ಕಲಿತಿದ್ದರೆ ಅರ್ಧ ಕೆಲಸವಾಯಿತು. ಮಾವು, ಅನಾನಸು ಹೋಳುಗಳಿಗೆ ನಿಂಬೆರಸ, ಖಾರದ ಪುಡಿ ಹಾಕಿ ಕೊಡುತ್ತಾರೆ. ಅದನ್ನು ಕಂಡರೆ ಶಿವಮೊಗ್ಗದ ಗಾಡಿಯವನ ನೆನಪಾಗದಿರದು. ಅಮ್ಮ ಡಬ್ಬಿಯಲ್ಲಿ ಕಟ್ಟಿಕೊಳ್ಳಲು ಹೊರಟ ಪುಳಿಯೋಗರೆ ಮಾತ್ರ ಹಡಗಿನಿಂದ ಇಳಿಯುವಂತಿಲ್ಲ. ಬೇಯಿಸಿದ ಅಡುಗೆ, ಹಣ್ಣು ಹಂಪಲು ದಡಕ್ಕೆ ತರಲು ಬಿಡುವುದಿಲ್ಲ.

ಇಷ್ಟೆಲ್ಲದರ ನಡುವೆ ಮಗಳಿಗೆ ನಿದ್ದೆ ಕೆಡಿಸಬೇಕಾದ ಕಾಗದ ಒಂದಿದೆ. ಬಂದರಿನಲ್ಲಿ ಇಳಿಯಲಿ ಬಿಡಲಿ, ಹಡಗು ಮೆಕ್ಸಿಕೋಕ್ಕೆ ಹೋಯಿತೆಂದರೆ ಅವಳು ಅಮೆರಿಕವನ್ನು ಬಿಟ್ಟು ಮತ್ತೆ ಒಳಗೆ ಬಂದಂತೆ. ಐ-20 ಪತ್ರದ ಮೇಲೆ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಪ್ರಯಾಣದ ಸಹಿ ಇರಬೇಕು, ಅದು ಒಂದು ವರ್ಷದೊಳಗಿನದಾಗಿರಬೇಕು. ವೀಸಾ ಹಲವು ಸಲದ ಪ್ರವೇಶಕ್ಕೆ ಮಾನ್ಯವಾಗಿರಬೇಕು. ಅಪ್ಪ ಅಮ್ಮನದೂ ಅಷ್ಟೆ. ಅಮೆರಿಕದ ಮಾನ್ಯ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ. ಡಿಸೆಂಬರಿನ ರಜೆ ಶುರುವಾದರೆ ಕಾಲೇಜಿನ ಕಚೇರಿಯೂ ಬಾಗಿಲು ಹಾಕುತ್ತದೆ, ಆದ್ದರಿಂದ ಆ ಸಹಿ ಪರೀಕ್ಷೆಗೆ ಮುಂಚೆಯೇ ಆಗಬೇಕು. ದಡಕ್ಕೆ ಹೋಗುವಾಗ ಪಾಸ್‌ಪೋರ್ಟ್‌ಗಳನ್ನು ಹಡಗಿನಲ್ಲೇ ಇಡುವುದು ಕ್ಷೇಮವೆನ್ನುವವರಿದ್ದಾರೆ. ಹಡಗು ತಪ್ಪಿದರೆ ಭಾರತದ ಪಾಸ್‌ಪೋರ್ಟಿಲ್ಲದೆ ವಿಮಾನ ಹತ್ತುವುದು ಹೇಗೆಂದು ಅವರು ಹೇಳುವುದಿಲ್ಲ. ನೀರು ಹೋಗದ ಚೀಲದಲ್ಲಿ ಹಾಕಿ, ಒಬ್ಬರು ಸದಾ ದಡದಲ್ಲಿ ಕೂತು ನೋಡಿಕೊಳ್ಳುವುದೇ ವಾಸಿ. ಮೂವರಿದ್ದರೆ ಇದೊಂದು ಅನುಕೂಲ.

ಕೊನೆಗೆ ಮೇಷ್ಟ್ರ ಮನೆಯವರು ಆರಿಸಿದ್ದು ಕನಿಷ್ಠ ಊಟದ ಕರಾರಿನ ಕ್ಲಬ್ಬು. ಉಳಿದ ನೂರೈವತ್ತರಲ್ಲಿ ಮಗಳು ಅಮ್ಮನಿಗೆ ಮೊದಲು ಕೊಂಡದ್ದು ಪೂರ್ತಿ ತೋಳಿನ ಈಜುಡುಗೆ. ಬಿಸಿಲಿನ ಕ್ರೀಮು ಕಡಿಮೆ ಸಾಕು, ಹವಳಕ್ಕೂ ಒಳ್ಳೆಯದು. ಕ್ಲಬ್ಬಿನಲ್ಲಿ ಬಾಡಿಗೆಗೆ ಸಿಕ್ಕ ತೇಲುವ ಜಾಕೆಟ್ಟು ಕಟ್ಟಿಕೊಂಡು, ಐವತ್ತೆಂಟು ವರ್ಷ ಹೊಳೆಯ ಮೆಟ್ಟಿಲು ಬಿಟ್ಟು ಇಳಿಯದ ಅಮ್ಮ ಎದೆಮಟ್ಟದ ನೀರಿನಲ್ಲಿ ನಿಂತಿದ್ದಾರೆ. ಅಪ್ಪ ದಡದಲ್ಲಿ ಚೀಲ ಹಿಡಿದು ಗಡಿಯಾರ ನೋಡುತ್ತಿದ್ದಾರೆ. 2.45.

“ರೀ, ಇನ್ನು ಹತ್ತು ನಿಮಿಷ,” ಎಂದರು ಅಮ್ಮ.

“ಇರು, ಇರು. ಮುಕ್ಕಾಲು ಗಂಟೆ ಮಿಗಿಸಿಟ್ಟೇ ಲೆಕ್ಕ ಹಾಕಿದ್ದೀನಿ,” ಎಂದರು ಮೇಷ್ಟ್ರು.