ಕಂಟೇನರ್ ಆಫೀಸು ಬಂತು, ಶೌಚಾಲಯ ಬರಲಿಲ್ಲ



ಬೆಂಗಳೂರಿನಲ್ಲಿ ದೊಡ್ಡ ಕಟ್ಟಡದ ಕೆಲಸ ಶುರುವಾಗುವ ಕಡೆ, ಪಾಯ ತೋಡುವ ಮುಂಚೆಯೇ ಲಾರಿಯಲ್ಲಿ ಕಂಟೇನರ್ ಆಫೀಸು ಬಂದಿಳಿಯುತ್ತದೆ. 20 ಅಡಿ ಉದ್ದ, 8 ಅಡಿ ಅಗಲ. ಕ್ರೇನಿನಿಂದ ಇಳಿಸಿ, ಕಾಂಕ್ರೀಟ್ ಬ್ಲಾಕುಗಳ ಮೇಲೆ ಮಟ್ಟಸವಾಗಿ ಕೂರಿಸಿ, ಕರೆಂಟು ಕೊಟ್ಟರೆ ಅಂದೇ ನಕ್ಷೆ ಹರಡಿಕೊಂಡು ಕೂರಬಹುದು. ಹಿಂದೆ ಇಟ್ಟಿಗೆ ಕೋಣೆ ಕಟ್ಟಿ ಕೊನೆಗೆ ಒಡೆದು ಹಾಕುತ್ತಿದ್ದ ದಂಡದ ಖರ್ಚು ಇದರಿಂದ ಉಳಿದಿದೆ. ಒಳ್ಳೆಯ ವ್ಯವಸ್ಥೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ಸೈಟಿನ ಹಿಂಬದಿಗೆ ಹೋಗಿ ನೋಡಿ. ಎಂಜಿನಿಯರ್ ಕೂರುವ ಕ್ಯಾಬಿನ್ನಿನ ಗೋಡೆಯೊಳಗೆ ಶಾಖ ತಡೆಯುವ ಪದರವಿದೆ, ಎ.ಸಿ. ಇದೆ. ಕಂಬಿ ಕಟ್ಟುವವರು ಮಲಗುವ ಶೆಡ್ಡಿಗೆ ಬರಿಯ ತಗಡು. ಏಪ್ರಿಲ್ ಮಧ್ಯಾಹ್ನ ಅದನ್ನು ಮುಟ್ಟಲಾಗದು. ಚಿಲಕವಿರುವ ಶೌಚಾಲಯವಿಲ್ಲದೆ ಹೆಣ್ಣಾಳುಗಳು ಕತ್ತಲಾಗುವವರೆಗೆ ಕಾಯುತ್ತಾರೆ, ಅದಕ್ಕಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಕುಡಿಯುವ ನೀರು, ಶೌಚಾಲಯ, ತಾತ್ಕಾಲಿಕ ವಸತಿ ಕೆಲಸ ಕೊಟ್ಟವರ ಹೊಣೆ ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೊಠಡಿಯನ್ನೂ ಕಡ್ಡಾಯ ಮಾಡಿತ್ತು.

ಶೌಚಾಲಯದ ಕ್ಯಾಬಿನ್, ಮಲಗುವ ಕ್ಯಾಬಿನ್‌ಗಳೂ ಕಂಟೇನರ್ ಆಫೀಸಿನ ಮಾದರಿಯಲ್ಲೇ ಸಿಗುತ್ತವೆ, ಬಾಡಿಗೆಗೂ ಕೊಡುತ್ತಾರೆ. ಆಫೀಸು ತಂದವರಿಗೆ ಇವನ್ನು ತರುವುದು ಕಷ್ಟವಲ್ಲ. ಇವು ಬಂದು ಕೂರುವ ತನಕ ಪಾಯದ ಕೆಲಸಕ್ಕೆ ಅನುಮತಿ ಕೊಡಬಾರದೆಂದು ಕಾರ್ಮಿಕ ಇಲಾಖೆ ಮತ್ತು ಪಾಲಿಕೆಯನ್ನು ಒತ್ತಾಯಿಸುತ್ತೇನೆ.

– ನಿವೃತ್ತ ಸೈಟ್ ಎಂಜಿನಿಯರ್, ಬೆಂಗಳೂರು